ಯಜಮಾನರ ತಲೆ ಆವಿಗೆಗೆ ಹೋದದ್ದು

ಮಣ್ಣಿನ ಕಲೆಗೆ ಬೇಕಾದದ್ದು ಏನು? ಮಣ್ಣು, ನೀರು, ಎರಡು ಕೈ. ಮೂರೂ ನನ್ನ ಬಳಿ ಇದ್ದವು. ಇನ್ನು ಕಲೆ ಬಾರದೆ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯದಿಂದ, ಬೇಸಿಗೆ ರಜೆಯಲ್ಲಿ ಚಿತ್ತಾಪುರದ ನಮ್ಮ ಶಾಲೆಯಲ್ಲೇ ನಡೆದ ತರಬೇತಿಗೆ ಹೆಸರು ಬರೆಸಿದೆ. ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಜೇಡಿಮಣ್ಣಿನ ರಾಸಾಯನಿಕ ಗುಣಗಳು ನನಗೆ ಬಾಯಿಪಾಠ. ಕಲಿಸಲು ಬಂದವರು ತೆಂಗಳಿಯ ಕುಂಬಾರ ನಾಗಮ್ಮ. ಆಕೆಗೆ ಆ ಗುಣಗಳ ಹೆಸರೇ ಗೊತ್ತಿಲ್ಲ. ಪಾಪ ಅಂದುಕೊಂಡೆ!

ಮೊದಲ ದಿನ ತಿಗರಿಯ ಮೇಲೆ ಇಟ್ಟ ನನ್ನ ಮಣ್ಣು ಎರಡು ಸುತ್ತು ತಿರುಗಿ, ಹಾರಿ ಹೋಗಿ ಗೋಡೆಗೆ ಮೆತ್ತಿಕೊಂಡಿತು. ಎರಡನೇ ದಿನವೂ ಅದೇ ಗೋಡೆ. ಮೂರನೇ ದಿನ ಒಂದು ಚಹಾದ ಕಪ್ಪು ಆಯಿತು, ದಪ್ಪಗೆ, ಒಂದು ಕಡೆ ವಾಲಿಕೊಂಡು.

"ಅಕ್ಕೋರ, ತಿಗರಿ ನಿಮಗ ಒಲ್ಯಾಂಗಿಲ್ಲ," ಎಂದರು ನಾಗಮ್ಮ. "ಕೈಲೇ ಏನರ ಮಾಡ್ರಿ."

ಕೈಲೇ ಏನು ಮಾಡುವುದು? ನಮ್ಮ ಯಜಮಾನರು ಶಿವಶರಣಪ್ಪನವರು ವಾಡಿಯ ರೈಲ್ವೆ ಕಚೇರಿಯಿಂದ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರಿಗೆ ಅವರದೇ ತಲೆಯನ್ನು ಮಾಡಿ ಕೊಟ್ಟರೆ! ಬಕೆಟ್ ತುಂಬ ಮಣ್ಣು ಮನೆಗೆ ತಂದೆ. ಮೂರು ಸಂಜೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಅಳೆದು, ಒತ್ತಿ, ತಿದ್ದಿ, ಒಂದು ತಲೆ ನಿಲ್ಲಿಸಿದೆ. ಒಮ್ಮೆಲೇ ಒಣಗಿ ಬಿರಿಯಬಾರದೆಂದು ಮೇಲೆ ಒದ್ದೆ ಬಟ್ಟೆ ಹೊದಿಸಿ ಪಡಸಾಲೆಯ ಮೂಲೆಯಲ್ಲಿಟ್ಟೆ.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಹೊರಗೆ ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಒದ್ದೆ ಬಟ್ಟೆ ಮುಖಕ್ಕೆ ಅಂಟಿಕೊಂಡಿತ್ತು. ಮೂಗು, ತುಟಿ, ಕಣ್ಣಿನ ಗುಳಿ ಎಲ್ಲ ಕಾಣುತ್ತಿದ್ದವು. ನೋಡುತ್ತಿದ್ದಂತೆ ಬಾಯಿಯ ಹತ್ತಿರ ಬಟ್ಟೆ ಸಣ್ಣಗೆ ಒಳಗೆ ಹೋಯಿತು, ಹೊರಗೆ ಬಂತು. ಗಾಳಿ ಎಂದುಕೊಂಡೆ. ಕಿಟಕಿ ಮುಚ್ಚಿತ್ತು. ಅಷ್ಟರಲ್ಲಿ 'ಥಪ್' ಎಂದು ಏನೋ ಬಿತ್ತು. ಬಟ್ಟೆ ತೆಗೆದರೆ, ಬಲಗಿವಿ ನೆಲದ ಮೇಲಿತ್ತು.

ಸಂಜೆ ಯಜಮಾನರು ಬಲಗಿವಿ ಒತ್ತಿಕೊಂಡೇ ಮನೆಯೊಳಗೆ ಬಂದರು.

"ಮಧ್ಯಾಹ್ನದಿಂದ ಕಿವಿ ಭಾಳ ನೋಯಾಕತ್ತದ. ಒಮ್ಮಿಗೇ ಕಿತ್ತು ಬಿದ್ದಂಗ ಆತು ನೋಡು!"

ಕಾಕತಾಳೀಯ ಎಂದೆ. ವಿಜ್ಞಾನ ಶಿಕ್ಷಕಿಯಾಗಿ ಗಟ್ಟಿಯಾಗಿ ಎಂದೆ. ಎರಡು ಸಲ ಎಂದೆ! ಆಮೇಲೆ ಅವರು ಕೈಕಾಲು ತೊಳೆಯಲು ಹೋದಾಗ, ಮಣ್ಣಿನ ಲೋಳೆ ಹಚ್ಚಿ ಕಿವಿಯನ್ನು ಅವಸರದಿಂದ ಅಂಟಿಸಿದೆ. ಊಟದ ಹೊತ್ತಿಗೆ ನೋವು ಇಳಿದಿತ್ತು.

ಮತ್ತೆರಡು ದಿನಕ್ಕೆ ಹಸಿಮಣ್ಣಿನ ಭಾರಕ್ಕೆ ಕುತ್ತಿಗೆ ಕುಸಿದು ತಲೆ ಎಡಕ್ಕೆ ಹೊರಳಿತು. ಅದೇ ಬೆಳಗ್ಗೆ ಯಜಮಾನರು ಕುತ್ತಿಗೆ ಹಿಡಿದುಕೊಂಡು ಎದ್ದರು. ತಲೆ ಎಡಕ್ಕೇ! ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಪಡಸಾಲೆಯಿಂದ ಎರಡು ಮುಖಗಳು ಒಂದೇ ಓರೆಯಲ್ಲಿ ನನ್ನನ್ನೇ ನೋಡುತ್ತಿದ್ದವು. ಆ ರೊಟ್ಟಿ ಹೊತ್ತಿಹೋಯಿತು.

ಆಗ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆ ಶಾಂತಾಬಾಯಿ ಹೊಸ್ತಿಲಲ್ಲೇ ಚೀರಿದಳು. ನಾನು ನಡೆದದ್ದೆಲ್ಲ ಹೇಳಿದೆ. ಹೇಳಬಾರದಿತ್ತು!

"ಏ ತಂಗಿ, ಜೀವಂತ ಇದ್ದ ಗಂಡನ ಮೂರ್ತಿ ಯಾರರ ಮಾಡ್ತಾರೇನ? ಸತ್ತೋರ್ದು ಮಾಡ್ತಾರ!"

ಯಜಮಾನರು ಕೇಳಿಸಿಕೊಂಡರು. ಅಂದಿನಿಂದ ಅವರು ದಿನಕ್ಕೆ ನಾಲ್ಕು ಸಲ ತಾವೇ ಒದ್ದೆ ಬಟ್ಟೆ ಬದಲಿಸಿದರು, ಇರುವೆ ಬಾರದಂತೆ ಸುತ್ತಲೂ ಅರಿಶಿನದ ಗೆರೆ ಎಳೆದರು. ಮಣ್ಣಿನ ಕುತ್ತಿಗೆಗೆ ನಾನು ಕೋಲಿನ ಆಸರೆ ಕೊಟ್ಟ ಮೇಲೆ ಅವರ ಕುತ್ತಿಗೆಯೂ ಸ್ವಲ್ಪ ತಿರುಗತೊಡಗಿತು. ಆಗ ಅವರಿಗೆ ಹೊಸ ಆಸೆ ಹುಟ್ಟಿತು.

"ನನ್ನ ಮೊಣಕಾಲು ವರ್ಷದಿಂದ ಹಿಡ್ಕೊಂಡಾವ. ಇದಕ್ಕ ಎರಡು ಮೊಣಕಾಲು ಹಚ್ಚು."

"ಬರೇ ತಲಿ ಮಾಡೀನ್ರಿ! ತಲಿಗಿ ಮೊಣಕಾಲು ಎಲ್ಲಿ ಹಚ್ಚಲಿ?"

"ಬಾಜೂಕ ಇಡು," ಎಂದರು ಗಂಭೀರವಾಗಿ.

ನಾಗಮ್ಮನಿಗೆ ಸುದ್ದಿ ತಲುಪಿಸಿದೆ. ಆಕೆ ಮನೆಗೆ ಬಂದು, ತಲೆಯನ್ನು ಬೆರಳಿನಿಂದ ಬಡಿದು ನೋಡಿದರು. "ಸುಡದೇ ಇಟ್ರ ಮೊದಲ್ನೇ ಮಳಿಗೆ ಕರಗ್ತದ. ಸುಡಬೇಕಂದ್ರ ತಲಿ ಖಾಲಿ ಮಾಡಬೇಕು. ಒಳಗ ಹಸಿ ಉಳೀತಂದ್ರ ಗಡಗಿ ಸುಡೋ ಆವಿಗ್ಯಾಗ ಸಿಡೀತದ."

ಯಜಮಾನರ ಮುಖ ಬಿಳಿಚಿತು. ಕರಗುವುದೂ ಬೇಡ, ಸಿಡಿಯುವುದೂ ಬೇಡ. ಕೆರೆಗೆ ಬಿಡೋಣ ಎಂದೆ. "ನನ್ನ ಮುಳುಗಸ್ತೀಯೇನು?" ಎಂದರು. ಮಣ್ಣಿನ ತಲೆಯೊಂದು ನಮ್ಮ ಮನೆಯಲ್ಲಿತ್ತು. ಅದನ್ನು ಇಡುವಂತಿರಲಿಲ್ಲ, ಬಿಡುವಂತಿರಲಿಲ್ಲ!

ಕಡೆಗೆ ಸುಡುವುದೆಂದೇ ತೀರ್ಮಾನವಾಯಿತು. ನಾಗಮ್ಮ ತಂತಿಯಿಂದ ನೆತ್ತಿಯನ್ನು ಮುಚ್ಚಳದಂತೆ ಕೊಯ್ದರು. ನಾನು ಚಮಚೆಯಿಂದ ಒಳಗಿನ ಮಣ್ಣು ತೋಡಿದೆ. ಯಜಮಾನರು ತಮ್ಮ ತಲೆ ಹಿಡಿದುಕೊಂಡು ಎದುರಿಗೇ ಕುಳಿತಿದ್ದರು. ನೆತ್ತಿ ಮತ್ತೆ ಅಂಟಿಸಿ, ಗಾಳಿ ಹೋಗಲು ಸಣ್ಣ ತೂತು ಬಿಟ್ಟೆವು. ಅವತ್ತು ಸಂಜೆ ಅವರು ಕನ್ನಡಕ ಎಲ್ಲಿಟ್ಟೆನೆಂದು ಮರೆತರು. ಮನೆಯೆಲ್ಲ ಹುಡುಕಿದೆವು. ಕನ್ನಡಕ ಮಣ್ಣಿನ ತಲೆಯ ಮೂಗಿನ ಮೇಲಿತ್ತು. ನಾನು ಇಟ್ಟಿರಲಿಲ್ಲ. ತಾವು ಇಟ್ಟಿಲ್ಲವೆಂದು ಅವರು ಲಿಂಗ ಮುಟ್ಟಿ ಆಣೆ ಮಾಡಿದರು.

ಪೂರ್ತಿ ಒಣಗಿದ ಮೇಲೆ ಬಸ್ಸಿನಲ್ಲಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೆಂಗಳಿಗೆ ಹೋದೆ. ಯಜಮಾನರು ಪಕ್ಕದಲ್ಲಿ ಕುಳಿತು, ಕಂಡಕ್ಟರ್ ಬಂದಾಗ "ತಗ್ಗು ಬಂದ್ರ ಹಗೂರ ಹೋಗ್ರಿ" ಎಂದು ಬೇಡಿಕೊಂಡರು. ನಾಗಮ್ಮ ನನ್ನ ತಲೆಯನ್ನೂ, ಅಂದರೆ ಯಜಮಾನರ ತಲೆಯನ್ನೂ, ನನ್ನ ಆ ವಾಲಿದ ಕಪ್ಪನ್ನೂ ಮಡಕೆಗಳ ನಡುವೆ ಇಟ್ಟು ಆವಿಗೆಗೆ ಬೆಂಕಿ ಕೊಟ್ಟರು. ಯಜಮಾನರು ಬೇವಿನ ಮರದ ಕೆಳಗೆ ಕುಳಿತು ಬೆವರತೊಡಗಿದರು. ಬಿಸಿಲಿಗೆ ನಾವೆಲ್ಲ ಬೆವರುತ್ತಿದ್ದೆವು, ಆದರೆ ಅವರು ಹೊಗೆ ಏರಿದಷ್ಟೂ ಲೆಕ್ಕವಿಟ್ಟು ಬೆವರುತ್ತಿದ್ದರು.

ಒಂದು ತಾಸು ಕಳೆಯಿತು. ಒಳಗೆ 'ಢಂ' ಎಂದಿತು!

ಅಲ್ಲಿದ್ದವರು ಯಾರೂ ಆವಿಗೆಯನ್ನು ನೋಡಲಿಲ್ಲ. ಎಲ್ಲರೂ ಯಜಮಾನರನ್ನು ನೋಡಿದರು. ಅವರು ಮೆಲ್ಲಗೆ ಮೂಗು ಮುಟ್ಟಿಕೊಂಡರು, ಕಿವಿ ಮುಟ್ಟಿಕೊಂಡರು.

"ಇದ್ದೀನೇನ?" ಎಂದು ನನ್ನನ್ನು ಕೇಳಿದರು.

"ಇದ್ದೀರಿ," ಎಂದೆ. ನನಗೂ ಪೂರ್ತಿ ಖಾತ್ರಿ ಇರಲಿಲ್ಲ.

ಮರುದಿನ ಆವಿಗೆ ತೆಗೆದಾಗ ಸಿಡಿದದ್ದು ನನ್ನ ಕಪ್ಪು ಎಂದು ತಿಳಿಯಿತು. ತಲೆ ಮಾತ್ರ ಇಟ್ಟಿಗೆ ಬಣ್ಣಕ್ಕೆ ಬಂದು, ಒಂದು ಬಿರುಕೂ ಇಲ್ಲದೆ ಕುಳಿತಿತ್ತು. ನಾನು ಅತ್ತೇಬಿಟ್ಟೆ. ನಾಗಮ್ಮ ಬೂದಿ ಒರೆಸಿ, ಅದನ್ನೊಮ್ಮೆ, ಯಜಮಾನರನ್ನೊಮ್ಮೆ ನೋಡಿದರು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ಇಷ್ಟು ದಿನ ಹೇಳಬೇಕಂತಿದ್ದೆ. ಇದಕ್ಕೂ ಇವರಿಗೂ ಏನೂ ಸಂಬಂಧ ಇಲ್ಲ. ಒಂಚೂರೂ ಹೋಲಂಗಿಲ್ಲ."

ಯಜಮಾನರು ಹಿಗ್ಗಿದರು. ನಾನು ಕುಗ್ಗಿದೆ. ಹೋಲದ ತಲೆಯಾದರೆ ಹೋಲದ ತಲೆ, ಹೊತ್ತುಕೊಂಡು ಕಾಳಗಿ ಬಸ್ ನಿಲ್ದಾಣಕ್ಕೆ ಬಂದೆವು. ಅಲ್ಲಿ ಕಲ್ಲುಬೆಂಚಿನ ಆ ತುದಿಯಿಂದ ಒಬ್ಬ ಎದ್ದು ಬಂದು ನನ್ನ ಮುಂದೆ ನಿಂತ. ಕಣ್ಣೆತ್ತಿ ನೋಡಿದೆ. ನನ್ನ ಮಣ್ಣಿನ ತಲೆಯ ಅದೇ ಇಳಿದ ಎಡಗಣ್ಣು, ಅದೇ ಸೊಟ್ಟ ಬಾಯಿ, ನಾನು ತಪ್ಪಿ ಅಗಲ ಮಾಡಿದ ಅದೇ ಹಣೆ.

"ಅಕ್ಕ," ಎಂದ ಅವನು ತನ್ನ ಮುಖ ಸವರಿಕೊಳ್ಳುತ್ತ ಮೆಲ್ಲಗೆ, "ನನ್ನ ಮಾರಿ ನಿಮ್ಮ ಕೈಯಾಗ ಹೆಂಗ ಬಂತು?"

ನನ್ನ ಕೈಗಳು ತಾವೇ ತಲೆಯನ್ನು ಮುಂದೆ ಚಾಚಿದವು. ಅವನು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನಮಸ್ಕಾರ ಮಾಡಿ, ಚಿಂಚೋಳಿ ಬಸ್ಸು ಹತ್ತಿದ. ಹೆಸರು ಕೇಳಲೂ ಆಗಲಿಲ್ಲ.

ಚಿತ್ತಾಪುರಕ್ಕೆ ಮರಳಿದೆವು. ಮನೆಯ ಬೀಗ ತೆಗೆಯುವಾಗ ಯಜಮಾನರು ತಿರುಗಿ ನಿಂತರು.

"ಖರೇ ಹೇಳು. ಅಂವಾ ಯಾರು?"

"ದೇವರಾಣಿ ಗೊತ್ತಿಲ್ಲರಿ!"

"ಗೊತ್ತಿಲ್ಲದವನ ಮಾರಿ ಅಷ್ಟು ತದ್ರೂಪ ಹೆಂಗ ಮಾಡ್ದಿ? ಇಪ್ಪತ್ತಾರು ವರ್ಷ ನನ್ನ ಮಾರಿ ನೋಡೀ, ಅದು ಬರಲಿಲ್ಲಲ್ಲ!"

ಶಾಂತಾಬಾಯಿ ಆಗಲೇ ಬಾಗಿಲಿಗೆ ಬಂದಿದ್ದಳು. ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಆ ಮನುಷ್ಯ ನನಗೆ ಗೊತ್ತು ಎನ್ನಬೇಕು, ಇಲ್ಲವೇ ನನಗೆ ಶಿಲ್ಪ ಬರುವುದಿಲ್ಲ ಎನ್ನಬೇಕು. ಸಂಸಾರ ಉಳಿಸಿಕೊಳ್ಳಲು, ಇಡೀ ಓಣಿಗೆ ಕೇಳುವಂತೆ, ನಾನು ಕಲಾವಿದೆಯಾಗಿ ನನ್ನ ಮೊದಲ ಮತ್ತು ಕೊನೆಯ ಹೇಳಿಕೆ ಕೊಟ್ಟೆ:

"ನನಗ ಮಾರಿ ಮಾಡಾಕ ಬರಂಗಿಲ್ಲರಿ!"

ಅದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿದರು.