ಹತ್ತಕ್ಕೆ ಎರಡು ಅಂಕ

ಬೆಳಿಗ್ಗೆ ಒಂಬತ್ತೂವರೆಗೆ ಪತ್ರಿಕಾ ಕಚೇರಿಯಿಂದ ಬಂದ ಕಂದು ಲಕೋಟೆಯೊಳಗೆ ಟೆಟ್ಸುಬಿನ್ ತಂಡದ ಸಿ.ಡಿ. ಇಲ್ಲದೆ ಬೇರೆ ಯಾರದೇ ಇದ್ದಿದ್ದರೂ ಕುಸಾಕಾಬೆಯ ಆ ದಿನ ಸುಖವಾಗಿ ಕಳೆಯುತ್ತಿತ್ತು.

ಜಪಾನಿನ ಕೊಕುರಾ ಊರಿನ ಮಾರುಕಟ್ಟೆ ಓಣಿಯಲ್ಲಿ ಅವನದೊಂದು ರೆಕಾರ್ಡ್ ಅಂಗಡಿ. ಜೊತೆಗೆ ಊರಿನ ಸಂಜೆ ಪತ್ರಿಕೆಗೆ ವಾರಕ್ಕೊಮ್ಮೆ ‘ಕಾಗೆ’ ಎಂಬ ಹೆಸರಿನಲ್ಲಿ ಸಂಗೀತ ವಿಮರ್ಶೆ ಬರೆದು, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ. ಎಂಟು ವರ್ಷಗಳಲ್ಲಿ ಏಳನ್ನು ದಾಟಿದವರಿಲ್ಲ. ಕಾಗೆ ಯಾರೆಂಬುದು ಗುಟ್ಟು ಎಂದು ಅವನು ನಂಬಿದ್ದ. ಓಣಿಯ ನಲವತ್ತು ಅಂಗಡಿಗಳಿಗೂ ಅದು ಗೊತ್ತಿತ್ತು.

ಲಕೋಟೆಯಲ್ಲಿ ಸಂಪಾದಕಿ ಮಿಝೊಗುಚಿಯ ಚೀಟಿ ಇತ್ತು. ‘ಟೆಟ್ಸುಬಿನ್‌ನ ಇಷ್ಟು ವರ್ಷದ ಜನಪ್ರಿಯ ಹಾಡುಗಳ ಸಂಕಲನ. ನಾಳೆ ಊರಲ್ಲಿ ಅವರ ಕಾರ್ಯಕ್ರಮ. ಇವತ್ತಿನ ಸಂಚಿಕೆಗೇ ಬೇಕು, ಹನ್ನೆರಡರೊಳಗೆ ಫ್ಯಾಕ್ಸ್ ಮಾಡಿ. ನಮ್ಮೂರಿನ ಹುಡುಗರು, ಸ್ವಲ್ಪ ಕೈ ಬಿಚ್ಚಿ ಬರೆಯಿರಿ.’

ಕುಸಾಕಾಬೆಯ ಮುಖ ಹಾಗಲಕಾಯಿ ಜಗಿದಂತಾಯಿತು.

ಟೆಟ್ಸುಬಿನ್‌ನ ಮೊದಲ ಗಿಟಾರು ವಾದಕ ಅವನೇ. ಹದಿನೇಳು ವರ್ಷದ ಹಿಂದೆ ಹಾಡುಗಾರ ಮುರೊಝುಮಿ, ‘ಎಲ್ಲರೂ ಟೋಕಿಯೊಗೆ ಹೋಗೋಣ’ ಅಂದಾಗ, ‘ಮೂರು ತಿಂಗಳಲ್ಲಿ ಬರಿಗೈಲಿ ವಾಪಸ್ ಬರ್ತೀರಿ, ನೋಡ್ತಿರು’ ಎಂದು ಹೇಳಿ ಊರಲ್ಲೇ ಉಳಿದಿದ್ದ. ಅವರು ಬರಲಿಲ್ಲ. ಅವನ ಜಾಗಕ್ಕೆ ಸಗಾರಾ ಎಂಬವನು ಸೇರಿದ. ಈಗ ಸಗಾರಾನ ಉದ್ದ ಕೂದಲಿನ ಚಿತ್ರ ರೈಲುಗಳಲ್ಲೂ ತೂಗುತ್ತಿತ್ತು. ಆ ತಂಡದ ಹಾಡು ಎಲ್ಲಿ ಕೇಳಿದರೂ ಕುಸಾಕಾಬೆ ಎದ್ದು ಹೋಗುತ್ತಿದ್ದ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಿಂದ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಎದ್ದು ಹೋಗಿದ್ದ.

“ಕೇಳ್ದೇನೆ ಬರೆದುಬಿಡ್ತೀರಾ ಹೇಗೆ?” ಎಂದಳು ಹೆಂಡತಿ ಚಿಗುಸಾ, ಕಪಾಟಿನ ಧೂಳು ಹೊಡೆಯುತ್ತ.

“ಕೇಳಿಯೇ ಬರೀತೀನಿ. ಸಾಕ್ಷಿ ಸಮೇತ ಬರೀತೀನಿ.”

ವಿಮರ್ಶಕರಿಗೆಂದು ಕಳಿಸಿದ ಪ್ರತಿಯಾದ್ದರಿಂದ ಬಿಳಿ ಹೊದಿಕೆ ಬಿಟ್ಟರೆ ಏನೂ ಇರಲಿಲ್ಲ. ಹದಿನಾರು ಹಾಡುಗಳ ಹೆಸರು ಟೈಪು ಮಾಡಿದ ಒಂದು ಹಾಳೆ, ಅಷ್ಟೆ. ಮೊದಲನೆಯದು ‘ಮೂರನೇ ಪಾಳಿ’. ಅದನ್ನು ನೋಡಿ ಕುಸಾಕಾಬೆಯ ಎದೆ ಒಮ್ಮೆ ಜಿಗಿಯಿತು. ಊರು ಬಿಡುವ ಮೊದಲು ಹಕಾತಾದ ಒಂದು ಸ್ಟುಡಿಯೊದಲ್ಲಿ ಅವನಿದ್ದಾಗಲೇ ಧ್ವನಿಮುದ್ರಿಸಿದ ಹಾಡು ಅದು.

ಗುಂಡಿ ಒತ್ತಿದ. ಗಿಟಾರು ಹರಿದು ಬಂತು. ಉಕ್ಕು ಕರಗಿ ಅಚ್ಚಿಗೆ ಇಳಿಯುವಂಥ ನಾದ. ಕುಸಾಕಾಬೆಯ ಕಣ್ಣು ತುಂಬಿತು.

“ಚಿಗುಸಾ, ಇದು ನಾನು ಕಣೇ.”

“ನೀವು ಇಷ್ಟು ಚೆನ್ನಾಗಿ ಬಾರಿಸ್ತಿದ್ರಾ?” ಎಂದಳು ಚಿಗುಸಾ. ಅವಳ ದನಿಯಲ್ಲಿದ್ದ ಆಶ್ಚರ್ಯ ಅವನಿಗೆ ಹಿಡಿಸಲಿಲ್ಲ. ಶಬ್ದವನ್ನು ಇನ್ನಷ್ಟು ಏರಿಸಿದ.

ಪಕ್ಕದ ಕ್ಷೌರದಂಗಡಿಯ ಒಗಾತಾ ಕತ್ತಿ ಹಿಡಿದುಕೊಂಡೇ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ನೊರೆ ಬಳಿದುಕೊಂಡ ಗಿರಾಕಿಯೂ ಬಂದ. ಎದುರಿನ ಮೀನಿನ ವಡೆ ಅಂಗಡಿಯ ಹಾತಾನೊ ಅಜ್ಜಿ ಸೌಟಿನ ಸಮೇತ ಹಾಜರಾದಳು.

“ಏನಪ್ಪಾ ಇದು, ಎಣ್ಣೆ ಬಾಣಲೆ ಅಲುಗಾಡ್ತಿದೆ,” ಎಂದಳು ಅಜ್ಜಿ.

“ಅಜ್ಜಿ, ಕೂತ್ಕೊಳ್ಳಿ. ಇದು ನನ್ನ ಗಿಟಾರು. ಮುಂದಿನ ಹದಿನೈದರಲ್ಲಿ ಆ ಸಗಾರಾ ಏನು ಮಾಡಿಟ್ಟಿದ್ದಾನೆ ಅಂತ ನೀವೇ ಕೇಳಿ ತೀರ್ಪು ಕೊಡಿ.”

ಆದರೆ ಮುಂದಿನ ಹಾಡುಗಳು ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅಜ್ಜಿ ಸೌಟಿನಿಂದ ತಾಳ ಹಾಕಿದಳು. ಗಿರಾಕಿಯ ಮುಖದ ನೊರೆ ಒಣಗಿ ಉದುರಿತು. ಒಗಾತಾ, “ಸತ್ಯ ಹೇಳ್ಬೇಕು ಅಂದ್ರೆ ಕುಸಾಕಾಬೆ ಅವ್ರೇ, ಇವನೂ ನಿಮ್ಮ ಹಾಗೇ ಬಾರಿಸ್ತಾನೆ” ಎಂದ.

“ನನ್ನ ಹಾಗೆ ಅಲ್ಲ, ನನ್ನಿಂದ ಕದ್ದು ಬಾರಿಸ್ತಾನೆ,” ಎಂದ ಕುಸಾಕಾಬೆ. ಹೊಟ್ಟೆಯಲ್ಲಿ ಯಾರೋ ಇದ್ದಿಲು ಹಚ್ಚಿ ಬೀಸಣಿಗೆ ಬೀಸುತ್ತಿದ್ದಂತಿತ್ತು. ಗಂಟೆ ಹನ್ನೊಂದಾದರೂ ಬಯ್ಯಲು ಒಂದು ಸಾಲೂ ಸಿಕ್ಕಿರಲಿಲ್ಲ.

ಕೊನೆಗೆ ದೇವರು ಕಣ್ಣು ಬಿಟ್ಟ. ಹದಿನಾರನೆಯದರ ಹೆಸರೇ ‘ಹೆಸರಿಲ್ಲದ್ದು’. ಹಾಡುಗಾರಿಕೆ ಇಲ್ಲ, ಬರೀ ಗಿಟಾರು. ಎಲ್ಲೋ ಅಭ್ಯಾಸ ಮಾಡುವಾಗ ಹಿಡಿದ ಹಳೆಯ ಟೇಪಿರಬೇಕು. ತಂತಿ ತಡವರಿಸುತ್ತಿತ್ತು, ತಾಳಕ್ಕಿಂತ ಎರಡು ಹೆಜ್ಜೆ ಹಿಂದೆ ಬಿದ್ದು ಆಮೇಲೆ ಓಡೋಡಿ ಬರುತ್ತಿತ್ತು.

ಕುಸಾಕಾಬೆ ಕುಣಿಯುವುದೊಂದು ಬಾಕಿ. “ಸಿಕ್ಕಿಬಿದ್ದ ನೋಡಿ. ಸ್ಟುಡಿಯೊ ಯಂತ್ರಗಳ ಮೇಕಪ್ಪು ಒರೆಸಿದ್ರೆ ಇದೇ ಸಗಾರಾನ ನಿಜವಾದ ಮುಖ. ಒಗಾತಾ, ಹೇಗನ್ನಿಸ್ತದೆ ಹೇಳಿ.”

“ಮಹಡಿ ಮೇಲೆ ಬೀರು ಎಳೆದ ಹಾಗಿದೆ,” ಎಂದ ಒಗಾತಾ.

“ಮೀನಿನ ಡಬ್ಬಕ್ಕೆ ಬೆಕ್ಕು ತಲೆ ಸಿಕ್ಕಿಸ್ಕೊಂಡ ಹಾಗೆ,” ಎಂದಳು ಅಜ್ಜಿ.

ಕುಸಾಕಾಬೆ ಎರಡನ್ನೂ ಬರೆದುಕೊಂಡ. ಪೆನ್ನು ಓಡತೊಡಗಿತು. ‘ಈ ಸಂಕಲನದಲ್ಲಿ ಕೇಳಲು ಯೋಗ್ಯವಾದದ್ದು ಒಂದೇ, ‘ಮೂರನೇ ಪಾಳಿ’. ಅಲ್ಲಿನ ಗಿಟಾರು ನಮ್ಮ ಕಾಲದ ಭಾಗ್ಯ. ಆ ಬೆರಳುಗಳಿಗೆ ನಮಸ್ಕಾರ. ಕೊನೆಯದರಲ್ಲಿ ಗಿಟಾರು ಹಿಡಿದಾತ ದಯವಿಟ್ಟು ಅದನ್ನು ಕೆಳಗಿಟ್ಟು ಬೇರೆ ಕಸುಬು ನೋಡಿಕೊಳ್ಳಲಿ.’ ಬೀರು, ಬೆಕ್ಕು ಎರಡನ್ನೂ ಸೇರಿಸಿ, ಹತ್ತಕ್ಕೆ ಎರಡು ಅಂಕ ಹಾಕಿ, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫ್ಯಾಕ್ಸ್ ಕಳಿಸಿದ. ಆ ಮಧ್ಯಾಹ್ನ ಎರಡು ಬಟ್ಟಲು ಊದೋನ್ ಶಾವಿಗೆ ಉಂಡ.

ಮೂರು ಗಂಟೆಗೆ ಅಂಗಡಿಗೆ ಮಾರಾಟದ ಪ್ರತಿಗಳ ರಟ್ಟಿನ ಪೆಟ್ಟಿಗೆ ಬಂತು. ಚಿಗುಸಾ ಒಂದನ್ನು ಬಿಚ್ಚಿ, ಒಳಗಿದ್ದ ದಪ್ಪ ಪುಸ್ತಿಕೆ ತಿರುವಿಹಾಕುತ್ತ ನಿಂತಳು. ತಿರುವಿದವಳು ಹಾಗೇ ಕಲ್ಲಾದಳು.

“ರೀ, ಸ್ವಲ್ಪ ಕೂತ್ಕೊಳ್ಳಿ.”

“ಯಾಕೆ?”

“ಮೊದಲು ಕೂತ್ಕೊಳ್ಳಿ, ಆಮೇಲೆ ಓದ್ತೀನಿ.” ಅವನು ಕೂತ ಮೇಲೆ ಅವಳು ಓದಿದಳು. “‘ಮೂರನೇ ಪಾಳಿ. ಹಕಾತಾದಲ್ಲಿ ಧ್ವನಿಮುದ್ರಿಸಿದ್ದು ಹಾಳಾದ್ದರಿಂದ ಟೋಕಿಯೊದಲ್ಲಿ ಮತ್ತೆ ಧ್ವನಿಮುದ್ರಿಸಿದೆವು. ಗಿಟಾರು: ಸಗಾರಾ.’”

ಕುಸಾಕಾಬೆ ಪುಸ್ತಿಕೆಗೆ ಕೈ ಚಾಚಿದ. ಚಿಗುಸಾ ಕೊಡದೆ ಕೊನೆಯ ಪುಟ ತಿರುವಿದಳು.

“‘ಹೆಸರಿಲ್ಲದ್ದು. ಊರಿನ ಸಾರ್ವಜನಿಕ ಸ್ನಾನಗೃಹದ ಹಿಂದಿನ ಉಗ್ರಾಣದಲ್ಲಿ ಅಭ್ಯಾಸ ಮಾಡುವಾಗ ಹಿಡಿದ ಟೇಪು. ಊರಲ್ಲೇ ಉಳಿದ ನಮ್ಮ ಗೆಳೆಯನ ನೆನಪಿಗಾಗಿ ಇದನ್ನು ಸೇರಿಸಲೇಬೇಕು ಎಂದು ಹಟ ಹಿಡಿದವನು ಸಗಾರಾ. ಗಿಟಾರು: ಕುಸಾಕಾಬೆ.’”

ಟೇಪಿನಲ್ಲಿ ತನ್ನ ದನಿಯೇ ತನಗೆ ಪರರದಾಗಿ ಕೇಳುವುದುಂಟು. ಬೆರಳುಗಳ ವಿಷಯದಲ್ಲೂ ಹಾಗಾಗುತ್ತದೆಂದು ಅವನಿಗೆ ಆ ದಿನವೇ ತಿಳಿದದ್ದು.

ಫೋನಿಗೆ ಹಾರಿದ. “ಮಿಝೊಗುಚಿ ಮೇಡಂ, ಆ ಲೇಖನ ತಡೀರಿ. ಅಂಕ ಹತ್ತು ಮಾಡಿ. ಬೀರು ತೆಗೀರಿ, ಬೆಕ್ಕನ್ನೂ ತೆಗೀರಿ.”

“ಅಯ್ಯೋ, ಅಚ್ಚಾಗಿ ಗಾಡಿನೂ ಹೊರಟುಹೋಯ್ತಲ್ಲ,” ಎಂದಳು ಮಿಝೊಗುಚಿ. “ಬೀರಿನ ಮಾತು ಕಚೇರೀಲಿ ಎಲ್ರಿಗೂ ಎಷ್ಟು ಹಿಡಿಸ್ತು ಅಂದ್ರೆ, ಅದನ್ನೇ ದಪ್ಪಕ್ಷರದಲ್ಲಿ ತಲೆಬರಹ ಮಾಡಿದ್ದೀನಿ.”

ಕುಸಾಕಾಬೆ ಚಪ್ಪಲಿ ಮೆಟ್ಟಿ ಓಣಿಯ ಬಾಯಿಗೆ ಓಡಿದ. ಪತ್ರಿಕೆ ಮಾರುವವನ ಹತ್ತಿರ ಆಗತಾನೇ ಬಂದಿದ್ದ ಮೂವತ್ತು ಪ್ರತಿಗಳನ್ನೂ ಎತ್ತಿಕೊಂಡ. ಅವನು ತಿರುಗುವುದರೊಳಗೆ ಮಾರುವವನು ಫೋನು ಹಚ್ಚಿ, “ಇವತ್ತಿನದಕ್ಕೆ ಏನೋ ಭಾರೀ ಬೇಡಿಕೆ ಇದೆ, ಇನ್ನೂ ನೂರು ಕಳಿಸಿ” ಎನ್ನುತ್ತಿದ್ದ. ಅಂಗಡಿಗೆ ವಾಪಸು ಬಂದರೆ ಒಗಾತಾ ತನಗೆ ದಿನಾ ಬರುವ ಪ್ರತಿಯನ್ನು ಹಿಡಿದು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. “ಬೀರು ನನ್ನದು, ಬೆಕ್ಕು ಹಾತಾನೊ ಅಜ್ಜಿಯದು.”

ಐದು ಗಂಟೆಗೆ ಅಂಗಡಿಯ ಫೋನು ಬಡಿದುಕೊಂಡಿತು.

“ಕುಸಾಕಾಬೆ, ನಾನು ಕಣೋ, ಮುರೊಝುಮಿ. ಮಧ್ಯಾಹ್ನವೇ ಊರಿಗೆ ಬಂದ್ವಿ. ಹೋಟೆಲಿಗೆ ಬಂದು ಪತ್ರಿಕೆ ನೋಡಿದ್ರೆ ಏನಪ್ಪಾ ಇದು? ಯಾವನೋ ಅದು ಕಾಗೆ?”

ಕುಸಾಕಾಬೆ ಮೂವತ್ತು ಪ್ರತಿಗಳ ಕಟ್ಟನ್ನು ಕಾಲಿನಿಂದ ಮೇಜಿನಡಿ ತಳ್ಳಿದ. “ಗೊತ್ತಿಲ್ಲಪ್ಪ. ಯಾವನೋ.”

“ನೀನು ಮನಸ್ಸಿಗೆ ಹಚ್ಕೋಬೇಡ. ಯಾವನೋ ಹೊಟ್ಟೆಕಿಚ್ಚಿನವನೇ ಇರ್ಬೇಕು. ಇಲ್ಲಿ ಸಗಾರಾ ಕೆಂಡ ಆಗಿದ್ದಾನೆ. ‘ನನ್ನನ್ನ ಎಷ್ಟೇ ಹೊಗಳಲಿ, ನಮ್ಮ ಹುಡುಗನಿಗೆ ಕಸುಬು ಬದಲಿಸು ಅಂದವನನ್ನ ಬಿಡೋದಿಲ್ಲ’ ಅಂತಿದ್ದಾನೆ. ತಂದಿಟ್ಟ ತಿಂಡಿನೂ ಮುಟ್ಟಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ನಿನ್ನ ಅಂಗಡಿಗೇ ಬರ್ತೀವಿ. ಓಣಿಯವರನ್ನ ವಿಚಾರಿಸಿದ್ರೆ ಆ ಕಾಗೆ ಯಾರು ಅಂತ ಯಾರಾದ್ರೂ ಹೇಳೇ ಹೇಳ್ತಾರೆ.”

ಕುಸಾಕಾಬೆ ಫೋನಿಟ್ಟ. ಹದಿನೇಳು ವರ್ಷ ಸಗಾರಾನ ಗಿಟಾರಿನ ಮೇಲಷ್ಟೇ ಇದ್ದ ಹೊಟ್ಟೆಕಿಚ್ಚು ಈಗ ಅವನ ಒಳ್ಳೆಯತನಕ್ಕೂ ಹತ್ತಿಕೊಂಡಿತ್ತು.

“ಯಾರಂತೆ?” ಎಂದು ಎದುರಂಗಡಿಯಿಂದ ಹಾತಾನೊ ಅಜ್ಜಿ ಕೂಗಿ ಕೇಳಿದಳು.

“ಸಗಾರಾ ಬರ್ತಾನಂತೆ ಅಜ್ಜಿ,” ಎಂದ ಕುಸಾಕಾಬೆ, “ನನ್ನ ಪರವಾಗಿ ನನ್ನನ್ನ ಹೊಡೆಯೋದಕ್ಕೆ.”