ದಯವಿಟ್ಟು ಗಮನಿಸಿ, ಲಗೇಜು ಬರುತ್ತಿದೆ

ಒಂದು ನಾಯಿಮರಿಗೆ ಶಿಸ್ತು ಕಲಿಸುವುದು ಎಷ್ಟರ ಮಾತು ಎಂದು ನಾನು ಘೋಷಿಸಿದೆ. ಘೋಷಿಸುವುದು ನನಗೇನೂ ಹೊಸದಲ್ಲ, ಅದೇ ನನ್ನ ಹೊಟ್ಟೆಪಾಡು. ರೈಲ್ವೆ ಸ್ಟೇಷನ್ನಿನ ಮಹಡಿಯ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಬಂತು, ಯಾವುದು ಹೊರಟಿತು, ಯಾವುದು ಇನ್ನೂ ಎಲ್ಲೋ ತೂಕಡಿಸುತ್ತಿದೆ ಎಂದು ಹೇಳುವವಳು ನಾನು. ‘ದಯವಿಟ್ಟು ಗಮನಿಸಿ’ ಎಂದು ಒಮ್ಮೆ ಉಸುರಿದರೆ ಸಾಕು, ಸಾವಿರ ತಲೆಗಳು ಮೇಲೇಳುತ್ತವೆ. ಕಾಫಿಯ ಲೋಟಗಳು ತುಟಿಯ ಹತ್ತಿರವೇ ನಿಲ್ಲುತ್ತವೆ. ಜಗಳವಾಡುತ್ತಿರುವ ಗಂಡ ಹೆಂಡತಿ ಕೂಡ ಕೊಂಚ ವಿರಾಮ ತೆಗೆದುಕೊಳ್ಳುತ್ತಾರೆ. ಇಂಥ ಕಂಠದ ಮುಂದೆ ಅಂಗೈಯಗಲದ ಮರಿಯೊಂದು ಬಾಲ ಬಿಚ್ಚುವುದುಂಟೇ!

ಕನಸು ಕಾಣುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಎರಡು ಗಾಡಿಗಳ ನಡುವಿನ ಬಿಡುವಿನಲ್ಲಿ, ದೂರದಲ್ಲಿ ಹಳಿಗಳು ಒಂದಾಗುವ ಜಾಗವನ್ನೇ ನೋಡುತ್ತಾ ಕೂತರೆ ಕನಸು ತಾನಾಗಿಯೇ ಬಂದು ನಿಲ್ಲುತ್ತದೆ. ಅದೊಂದು ಮಾತ್ರ ಎಂದೂ ತಡವಾಗಿಲ್ಲ. ಆ ಕನಸಿನಲ್ಲಿ ಯಾವಾಗಲೂ ಸಂಜೆ. ಬೀದಿ ದೀಪಗಳು ಒಂದೊಂದಾಗಿ ಕಣ್ಣು ಬಿಡುತ್ತಿರುತ್ತವೆ. ನಾನು ಡ್ಯೂಟಿ ಮುಗಿಸಿ ನಡೆದು ಬರುತ್ತಿರುತ್ತೇನೆ. ನನ್ನ ಎಡಗಾಲಿನ ಪಕ್ಕದಲ್ಲಿ, ಹಗ್ಗವಿಲ್ಲದೆ, ನೆರಳಿಗಿಂತ ವಿಧೇಯವಾಗಿ ಒಂದು ನಾಯಿ. ನಾನು ನಿಂತರೆ ಅದು ನಿಲ್ಲುತ್ತದೆ. ನಾನು ನಿಟ್ಟುಸಿರಿಟ್ಟರೆ ಅದೂ ಒಂದು ನಿಟ್ಟುಸಿರು ಬಿಡುತ್ತದೆ. ಕಿಟಕಿಗಳಲ್ಲಿ ಹೆಂಗಸರು ನಮ್ಮನ್ನು ತೋರಿಸಿ ಗಂಡಂದಿರಿಗೆ ‘ನೋಡಿ ಕಲೀರಿ’ ಎನ್ನುತ್ತಿರುತ್ತಾರೆ.

ಮರಿ ಹುಟ್ಟಿದ್ದು ನಮ್ಮ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನ ಹಿಂದೆ, ಹಳೇ ಗೋಣಿಚೀಲಗಳ ಮೇಲೆ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಲಗಿಕೊಂಡೇ. ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ಚೀಲ ತನ್ನಷ್ಟಕ್ಕೆ ತಾನೇ ನಡುಮನೆಯಲ್ಲಿ ಉರುಳಾಡುವುದನ್ನು ನೋಡಿದ ಅತ್ತೆ, ಇದೇನು ಲಗೇಜು ಎಂದು ಕೇಳಿದರು. ನಾನು ಯೋಚಿಸಿಟ್ಟಿದ್ದ ರಾಜಗಾಂಭೀರ್ಯದ ಹೆಸರುಗಳೆಲ್ಲ ಅಲ್ಲೇ ಬಿದ್ದುಹೋದವು. ಲಗೇಜು ಲಗೇಜೇ ಆಯಿತು.

ಅತ್ತೆ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರು ಹಾಸಿದ ಹಾಸಿಗೆಯ ಮೇಲೆ ನೊಣ ಕೂತರೂ ಅಪ್ಪಣೆ ಕೇಳಿಯೇ ಕೂರಬೇಕು. ಲಗೇಜು ಕೇಳಲಿಲ್ಲ. ಬಂದ ದಿನವೇ ಆ ಬಿಳಿ ಹೊದಿಕೆಯ ನಡುಮಧ್ಯೆ ತನ್ನ ಬಾಲಲೀಲೆಯನ್ನು ಒದ್ದೆಯಾಗಿ ಪ್ರದರ್ಶಿಸಿತು. ಅತ್ತೆ ಕೂಗಾಡಲಿಲ್ಲ. ಅವರು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೊದಿಕೆ ತೆಗೆದು ಬಕೆಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಬಂದು ತಣ್ಣಗೆ ಒಂದು ಷರತ್ತು ಹಾಕಿದರು.

“ನೋಡಮ್ಮ, ಮುಂದಿನ ತಿಂಗಳು ನಾನು ಕಣ್ಣು ತೋರಿಸ್ಕೊಂಡು ಬರ್ತೀನಲ್ಲ, ಆ ಹೊತ್ತಿಗೆ ಇದು ಕರೆದ್ರೆ ಬರ್ಬೇಕು. ಅಷ್ಟೇ. ಇಲ್ಲಾಂದ್ರೆ ವಾಪಸ್ ಪಾರ್ಸೆಲ್. ಕರೆದ್ರೆ ಬರದಿರೋ ಪ್ರಾಣಿ ಈ ಮನೇಲಿ ಈಗಾಗ್ಲೇ ಒಂದಿದೆ, ಎರಡನೇದು ಬೇಡ.”

ಆ ಮೊದಲನೆಯ ಪ್ರಾಣಿ ನನ್ನ ಗಂಡ. ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಊರಿನವರ ಸಮಯವನ್ನೆಲ್ಲ ಸರಿಪಡಿಸಿ ಕೊಡುತ್ತಾರೆ, ಊಟಕ್ಕೆ ಕರೆದರೆ ಮಾತ್ರ ಆರಿದ ಮೇಲೆ ಬರುತ್ತಾರೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಎರಡೂ ಕಿವಿಗಳು ಬಂದ್. ತಾಯಿಯ ಮಾತಿಗೂ ಅವರು ತಲೆ ಎತ್ತಲಿಲ್ಲ. ಕೇಳಿಸಿರಲೂ ಇಲ್ಲವೇನೋ.

ನಾನು ತರಬೇತಿ ಶುರುಮಾಡಿದೆ. ಮೊದಲ ದಿನಗಳಲ್ಲಿ ನಡೆದದ್ದು ತರಬೇತಿಯಲ್ಲ, ಬರೀ ಭೇದಿ. ಹಾಲು ಒಗ್ಗಲಿಲ್ಲ. ಅದು ಸರಿಹೋದ ಮೇಲೆ ಭಾಷೆಯ ಸಮಸ್ಯೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬರೀ ಹುಬ್ಬು ಏರಿಸಿ ಇಡೀ ಕ್ಲಾಸನ್ನು ಕೂರಿಸುತ್ತಿದ್ದರು. ನಾನೂ ಹುಬ್ಬು ಏರಿಸಿದೆ. ಮರಿ ಅದನ್ನು ಆಟವೆಂದುಕೊಂಡು ಮೂಗಿಗೆ ಹಾರಿತು. ಸಿಸ್ಟರ್ ಮೆಚ್ಚುವ ಉಚ್ಚಾರಣೆಯಲ್ಲಿ ‘ಕಮ್’ ಎಂದೆ, ‘ಸಿಟ್’ ಎಂದೆ, ‘ಸ್ಟೇ’ ಎಂದೆ. ಅದು ಕೊನೇ ಬೆಂಚಿನ ಹುಡುಗಿಯ ಹಾಗೆ ಆಕಳಿಸಿ, ನನ್ನ ಚಪ್ಪಲಿಯ ಮೇಲೆ ಗಲ್ಲ ಊರಿ ಮಲಗಿತು. ಅದರ ಕಾಲುಗಳು ನಿದ್ದೆಯಲ್ಲೇ ಎಲ್ಲಿಗೋ ಓಡುತ್ತಿದ್ದವು. ಆ ಓಟವನ್ನು ನೋಡುತ್ತಾ ನಾನೂ ಗೋಡೆಗೆ ಒರಗಿದೆ. ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಕಣ್ಣು ಬಿಟ್ಟಾಗ ಚಪ್ಪಲಿಯಲ್ಲಿ ಬಾರು ಇರಲಿಲ್ಲ. ಶಿಸ್ತು ಕಲಿಸಲು ಹೋದವಳಿಗೆ ದಕ್ಕಿದ್ದು ಸುಸ್ತು. ಮನೆಗೆ ನಾಯಿ ಬಂದಿತ್ತು, ನಾಯಿಪಾಡು ನನಗೆ ಬಂದಿತ್ತು.

ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಡುವ ಅವಸರದಲ್ಲಿ, ಗಂಟಲು ಸರಿಯಿದೆಯೇ ಎಂದು ನೋಡಲು ಅಡುಗೆಮನೆಯಲ್ಲೇ ಒಮ್ಮೆ ‘ದಯವಿಟ್ಟು ಗಮನಿಸಿ’ ಎಂದೆ. ಪೂರ್ತಿ ಸ್ಟೇಷನ್ ದನಿಯಲ್ಲಿ, ಕೊನೆಯ ಅಕ್ಷರವನ್ನು ಗಾಳಿಗೆ ಬಿಟ್ಟು. ಲಗೇಜಿನ ಮಲಗಿದ್ದ ಕಿವಿಯೂ ಎದ್ದು ನಿಂತಿತು. ತಲೆ ಓರೆಮಾಡಿ, ತೂಗಾಡುತ್ತಾ, ನನ್ನ ಕಾಲ ಬಳಿಗೆ ಬಂದು ಕೂತಿತು. ಕೈಯಲ್ಲಿದ್ದ ಬಿಸ್ಕತ್ತು ಕೊಟ್ಟೆ. ಮತ್ತೆ ಹೇಳಿದೆ. ಮತ್ತೆ ಬಂತು.

ಆಹಾ! ಹುಬ್ಬಿನಲ್ಲಿ ಇಲ್ಲದ್ದು, ಇಂಗ್ಲಿಷಿನಲ್ಲಿ ಇಲ್ಲದ್ದು, ನನ್ನ ವೃತ್ತಿಯಲ್ಲಿತ್ತು. ಅಂದಿನಿಂದ ಪ್ರತಿ ಬೆಳಿಗ್ಗೆ ಘೋಷಣೆ, ಬಿಸ್ಕತ್ತು, ಘೋಷಣೆ, ಬಿಸ್ಕತ್ತು. ‘ಕೂತ್ಕೋ’ ಎಂದು ಒರಟಾಗಿ ಹೇಳಲು ನನ್ನ ಮೈಕಿನ ನಾಲಿಗೆಗೆ ಬರುವುದಿಲ್ಲ. ಹಾಗಾಗಿ ಅದಕ್ಕೂ ‘ದಯವಿಟ್ಟು ಕುಳಿತುಕೊಳ್ಳಬೇಕಾಗಿ ವಿನಂತಿ’ ಎಂದೇ ಅಭ್ಯಾಸ ಮಾಡಿಸಿದೆ. ಈ ವಿನಂತಿಯನ್ನು ಮರಿ ಇನ್ನೂ ಪರಿಶೀಲಿಸುತ್ತಿತ್ತು. ಕರೆದರೆ ಬರುವುದು ಮಾತ್ರ ಪಕ್ಕಾ ಆಯಿತು. ಪ್ರಪಂಚದ ಮೊದಲ ರೈಲ್ವೆ ನಾಯಿಯನ್ನು ತಯಾರು ಮಾಡಿದ್ದೇನೆಂದು ಗಂಡನ ಮುಂದೆ ಬೊಗಳೆ ಬಿಟ್ಟೆ. ಬೊಗಳುವ ಕೆಲಸವನ್ನಾದರೂ ಮರಿಗೆ ಬಿಡು ಎಂದು ಅವರು ಭೂತಗನ್ನಡಿಯೊಳಗಿಂದಲೇ ಹೇಳಿದರು.

ಕೆಲವು ಸಣ್ಣ ವಿಚಿತ್ರಗಳು ಆಗಲೇ ನನ್ನ ಕಣ್ಣಿಗೆ ಬಿದ್ದಿದ್ದವು. ನಾನು ಕೊಡುವ ಅಷ್ಟಿಷ್ಟು ಬಿಸ್ಕತ್ತಿಗೇ ಮರಿ ದಿಂಬಿನ ಹಾಗೆ ಊದಿಕೊಳ್ಳುತ್ತಿತ್ತು. ಅತ್ತೆ, ಚಹಾಕ್ಕೆ ಸಕ್ಕರೆಯನ್ನೂ ಹಾಕಿಕೊಳ್ಳದವರು, ಬಿಸ್ಕತ್ತಿನ ಡಬ್ಬ ಖಾಲಿ ಎಂದು ಪದೇ ಪದೇ ಹೇಳುತ್ತಿದ್ದರು. ಸಂಜೆ ನಾನು ‘ದಯವಿಟ್ಟು ಗಮನಿಸಿ’ ಎಂದರೆ ಮರಿ ಎದ್ದು, ನನ್ನನ್ನೊಮ್ಮೆ ನೋಡಿ, ಅತ್ತೆಯ ಕೋಣೆಯ ಬಾಗಿಲ ತನಕ ಹೋಗಿ, ಆಮೇಲೆ ನನ್ನ ಹತ್ತಿರ ಬರುತ್ತಿತ್ತು. ಪರೀಕ್ಷಕರಿಗೆ ಮೊದಲೇ ಮುಖ ತೋರಿಸಿ ಬರುವ ಜಾಣ ವಿದ್ಯಾರ್ಥಿ ಎಂದುಕೊಂಡು ನಾನು ಬೀಗಿದೆ. ನಮ್ಮ ಮನೆ ಸ್ಟೇಷನ್ನಿನ ಬೆನ್ನಿಗೇ ಇದೆ, ಗಾಳಿ ಇತ್ತ ಬೀಸಿದರೆ ನನ್ನ ದನಿ ದಿನವಿಡೀ ಕಿಟಕಿಯಿಂದ ಒಳಗೆ ಬರುತ್ತಲೇ ಇರುತ್ತದೆ ಎಂಬ ಸಂಗತಿ ನನಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಹೊತ್ತಿನಲ್ಲಿ ನಾನು ಮನೆಯಲ್ಲೇ ಇರುವುದಿಲ್ಲವಲ್ಲ.

ಅತ್ತೆಯ ಕಣ್ಣಿನ ಪರೀಕ್ಷೆ ಮತ್ತು ಮರಿಯ ಪರೀಕ್ಷೆ ಒಂದೇ ದಿನ ಬಂದವು. ಬೆಳಿಗ್ಗೆ ತಾಯಿ ಮಗ ಪಕ್ಕದ ಊರಿನ ಕಣ್ಣಾಸ್ಪತ್ರೆಗೆ ಗಾಡಿ ಹತ್ತಿದರು. ಸಂಜೆ ಹೊಸ ಕಣ್ಣಿನಲ್ಲಿ ಲಗೇಜನ್ನು ನೋಡಿ ತೀರ್ಪು ಕೊಡುವುದಾಗಿ ಅತ್ತೆ ಹೇಳಿದ್ದರು. ನಾನು ಡ್ಯೂಟಿಗೆ ಬಂದೆ. ಗೇಟಿನ ಚಿಲಕವನ್ನು ಕೊನೆಗೆ ಹಾಕಬೇಕಾಗಿದ್ದವರು ನನ್ನ ಗಂಡ ಎಂದಷ್ಟೇ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಮಧ್ಯಾಹ್ನ ಇಳಿಯುತ್ತಿತ್ತು. ಸ್ಟೇಷನ್ನಿಗೇ ಜೊಂಪು ಹತ್ತುವ ಹೊತ್ತು. ಬಿಸಿಲು ಪ್ಲಾಟ್‌ಫಾರ್ಮಿನ ಮೇಲೆ ಜೇನಿನ ಹಾಗೆ ಹರಡಿತ್ತು. ಹಮಾಲರು ಕೈಗಾಡಿಗಳ ಮೇಲೆ ಮಲಗಿದ್ದರು, ಗಾಡಿಗಾಗಿ ಕಾಯುತ್ತಿದ್ದವರು ನಿಂತಲ್ಲೇ ತೂಗುತ್ತಿದ್ದರು. ನಾನೂ ನನ್ನ ಮಾಮೂಲಿ ಸಂಜೆಯ ಕನಸಿಗೆ ಇಳಿದಿದ್ದೆ. ಕನಸಿನ ನಾಯಿ ಪ್ಲಾಟ್‌ಫಾರ್ಮಿನ ಕಂಬವೊಂದರ ಬುಡದಲ್ಲಿ ಕೂತು, ಮೇಲಿನ ಧ್ವನಿವರ್ಧಕವನ್ನೇ ತಲೆ ಓರೆಮಾಡಿ ನೋಡುತ್ತಿತ್ತು. ಎಷ್ಟು ಚೆಂದ ಎಂದುಕೊಂಡೆ. ಒಂದು ಕಿವಿ ನೆಟ್ಟಗೆ, ಇನ್ನೊಂದು...

ಅದು ಕನಸಾಗಿರಲಿಲ್ಲ. ಮತ್ತು ನಮ್ಮಲ್ಲಿ ನಿಲ್ಲದ ಎಕ್ಸ್‌ಪ್ರೆಸ್ ಅದೇ ಪ್ಲಾಟ್‌ಫಾರ್ಮಿನ ಪಕ್ಕದಿಂದ ಹಾದುಹೋಗಲು ಸಿಗ್ನಲ್ ಬಿದ್ದಿತ್ತು.

ಮೆಟ್ಟಿಲಿಳಿದು ಓಡಿದರೂ ನಾನು ತಲುಪುವಷ್ಟರಲ್ಲಿ ಗಾಡಿ ಬಂದಿರುತ್ತದೆ. ಇದ್ದದ್ದು ಒಂದೇ ಅಸ್ತ್ರ. ಮೈಕು ಹಿಡಿದು “ದಯವಿಟ್ಟು ಗಮನಿಸಿ” ಎಂದೆ. ಸಾವಿರ ತಲೆಗಳೊಂದಿಗೆ ಒಂದು ಪುಟ್ಟ ತಲೆಯೂ ಎದ್ದಿತು. ಆದರೆ ನನ್ನ ದನಿ ಒಂದು ಕಡೆಯಿಂದ ಬರುತ್ತಿರಲಿಲ್ಲ, ಪ್ರತಿ ಕಂಬದಿಂದಲೂ ಬರುತ್ತಿತ್ತು. ಮರಿ ಈ ಕಂಬದಿಂದ ಆ ಕಂಬಕ್ಕೆ ಓಡಿತು. ಅಲ್ಲಿ ನಾನಿಲ್ಲ. ಮತ್ತೆ ಕರೆದೆ. ಮುಂದಿನ ಕಂಬಕ್ಕೆ ಓಡಿತು. ನನ್ನ ಮರಿಯನ್ನು ನನ್ನ ದನಿಯಿಂದ ನಾನೇ ಅಟ್ಟಾಡಿಸುತ್ತಿದ್ದೆ. ಗಮನಿಸಿ ಗಮನಿಸಿ ಎಂದು ಹೇಳಿ ಏನನ್ನೆಂದು ಹೇಳದ ಈ ಹೆಂಗಸನ್ನು ಜನ ಕತ್ತೆತ್ತಿ ನೋಡತೊಡಗಿದರು. ಮರಿ ಈಗ ಅಂಚಿನ ಹಳದಿ ಗೆರೆಯ ಮೇಲೇ ಓಡುತ್ತಿತ್ತು. ದೂರದಲ್ಲಿ ಹಳಿಗಳು ಒಂದಾಗುವ ಜಾಗದಲ್ಲಿ ಎಂಜಿನ್ನಿನ ಮುಖ ಕಾಣಿಸಿತು.

ಕೂತ್ಕೋ ಎಂದು ಕಿರುಚಲು ಬಾಯಿ ತೆರೆದೆ. ವೃತ್ತಿಯ ಅಭ್ಯಾಸ ನೋಡಿ, ಬಾಯಿಂದ ಹೊರಟದ್ದು ಬೇರೆಯೇ.

“ದಯವಿಟ್ಟು ಕುಳಿತುಕೊಳ್ಳಬೇಕಾಗಿ ವಿನಂತಿ.”

ಇಡೀ ಪ್ಲಾಟ್‌ಫಾರ್ಮ್ ಕೂತಿತು. ಸೂಟ್‌ಕೇಸಿನ ಮೇಲೆ, ಮೂಟೆಯ ಮೇಲೆ, ಬರೀ ನೆಲದ ಮೇಲೆ, ಒಬ್ಬರನ್ನು ನೋಡಿ ಇನ್ನೊಬ್ಬರು. ಟಿಕೆಟ್ ತಪಾಸಣೆಯವರು ಒಂದು ಕೈಯಲ್ಲಿ ಯಾರದೋ ಟಿಕೆಟ್ ಹಿಡಿದೇ ಕೂತರು. ಅಷ್ಟು ವಿಶಾಲ ಜಗತ್ತಿನಲ್ಲಿ ನನ್ನ ಮಾತು ಕೇಳದೆ ನಿಂತಿದ್ದ ಜೀವ ಒಂದೇ. ಅದು ಬಾಲ ಅಲ್ಲಾಡಿಸುತ್ತಿತ್ತು.

ಆಗ ಅದರ ಮೂಗು ಮೇಲೆದ್ದಿತು. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಪಕ್ಕದಲ್ಲಿ ಒಂದು ಕೈ ಕೆಳಗೆ ಇಳಿಬಿದ್ದಿತ್ತು. ಆ ಕೈಯ ಬೆರಳುಗಳ ನಡುವೆ ಒಂದು ಬಿಸ್ಕತ್ತು. ಕೈಯ ಒಡತಿಯ ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ, ಮುಖ ಎತ್ತಲೋ ಇತ್ತು. ಅವರು ಏನನ್ನೂ ನೋಡುತ್ತಿರಲಿಲ್ಲ. ಅವರ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ ಗಂಡಸನ್ನು ನಾನು ಎಷ್ಟು ದೂರದಿಂದಲಾದರೂ ಗುರುತಿಸಬಲ್ಲೆ.

ಲಗೇಜು ಅಂಚನ್ನು ಬಿಟ್ಟು, ಕೂತವರ ನಡುವೆ ನುಸುಳಿ, ನೇರವಾಗಿ ಓಡಿತು. ಬಿಸ್ಕತ್ತು ಮಾಯವಾಯಿತು. ಗಲ್ಲ ಅತ್ತೆಯ ಚಪ್ಪಲಿಯ ಮೇಲೆ ಕೂತಿತು. ಎಕ್ಸ್‌ಪ್ರೆಸ್ ಒಂದು ದೊಡ್ಡ ನಿಟ್ಟುಸಿರಿನ ಹಾಗೆ ಹಾದುಹೋಯಿತು. ಕೂತವರ ಕೈಯ ಪತ್ರಿಕೆಗಳೆಲ್ಲ ಒಮ್ಮೆ ರೆಕ್ಕೆ ಬಡಿದು ಸುಮ್ಮನಾದವು.

ಕೋಣೆಯ ಫೋನು ಹೊಡೆದುಕೊಂಡಿತು. ಸ್ಟೇಷನ್ ಮಾಸ್ಟರು. ಕೆಲಸ ಹೋಯಿತು ಎಂದುಕೊಂಡೇ ಎತ್ತಿದೆ.

“ಮೇಡಂ,” ಎಂದರು ಅವರು ತಗ್ಗಿದ ದನಿಯಲ್ಲಿ, “ನಾವೆಲ್ಲ ಏಳಬಹುದಾ?”

ಏಳಬೇಕಾಗಿ ವಿನಂತಿಸಿ, ಮೈಕನ್ನು ಸಹೋದ್ಯೋಗಿಗೆ ಒಪ್ಪಿಸಿ, ಮೆಟ್ಟಿಲುಗಳನ್ನು ಇಳಿದೆನೋ ಉರುಳಿದೆನೋ ನೆನಪಿಲ್ಲ. ಬೆಂಚಿನ ಹತ್ತಿರ ಹೋದಾಗ ಮರಿ ಆಗಲೇ ಅತ್ತೆಯ ಮಡಿಲಲ್ಲಿತ್ತು. ಡಾಕ್ಟರು ಕಣ್ಣಿಗೆ ಹನಿ ಹಾಕಿದ್ದಾರೆ, ಎಲ್ಲ ಮಂಜು ಮಂಜು, ಕೊಂಚ ಸರಿಹೋಗಲಿ ಎಂದು ಗಾಡಿ ಇಳಿದು ಇಲ್ಲೇ ಕೂತಿದ್ದೆವು ಎಂದರು. ಆ ಬಿಸ್ಕತ್ತು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಮರಿಯ ಮಲಗಿದ ಕಿವಿಯನ್ನು ನೇವರಿಸಿದರು.

“ಮನೇಲಿ ನೀನಿಲ್ದೇ ಇದ್ರೂ ನಿನ್ನ ದನಿ ಬರ್ತಾನೇ ಇರುತ್ತಲ್ಲ. ಬಂದಾಗೆಲ್ಲ ಇದು ಎದ್ದು ನನ್ನ ಕಾಲ ಹತ್ರ ಬಂದು ಕೂರೋದು, ಆಸೆಗಣ್ಣು ಬಿಟ್ಕೊಂಡು. ಎಷ್ಟೂಂತ ಸುಮ್ನಿರ್ಲಿ? ಕೊಟ್ಟೆ. ಈಗ ಇಲ್ಲಿ ಹಾಗೇ ಜೊಂಪು ಹತ್ತಿತ್ತು ಕಣೇ, ನಿನ್ನ ದನಿ ಕೇಳ್ತು, ಮನೇಲೇ ಇದ್ದೀನಿ ಅಂದ್ಕೊಂಡೆ. ಕೈ ತಾನಾಗೇ ಚೀಲಕ್ಕೆ ಹೋಯ್ತು.”

ಅಷ್ಟರಲ್ಲಿ ಟಿಕೆಟ್ ತಪಾಸಣೆಯವರು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಾ ಬಂದು, ಈ ಪ್ರಾಣಿ ಯಾರದ್ದು ಎಂದು ಗದರಿದರು. ಅತ್ತೆ ಕಪ್ಪು ಕನ್ನಡಕವನ್ನು ಅವರತ್ತ ತಿರುಗಿಸಿದರು.

“ಪ್ರಾಣಿ ಅಲ್ಲಪ್ಪ, ಲಗೇಜು. ನಮ್ದೇ.”

ನಮ್ದೇ! ನನ್ನ ಕುತ್ತಿಗೆ ತಾನಾಗಿ ನೆಟ್ಟಗಾಯಿತು. ಗೆದ್ದದ್ದನ್ನು ಗೆದ್ದೆ ಎಂದು ಘೋಷಿಸದಿದ್ದರೆ ನಾನೆಂಥ ಘೋಷಕಿ?

“ಅಂದ್ರೆ ಅತ್ತೆ, ಲಗೇಜು ಪಾಸು ತಾನೇ? ಕರೆದದ್ದು ನಾನು.”

“ಪಾಸಾಗ್ದೆ ಏನು. ಕರೆದ್ರೆ ಬರ್ಬೇಕು ಅಂದಿದ್ದೆ, ಬಂತು.”

“ಆದ್ರೆ ಬಂದದ್ದು ನಿಮ್ಮ ಹತ್ರ.”

“ಯಾರ ಹತ್ರ ಅಂತ ನಾನು ಹೇಳಿದ್ನೇನಮ್ಮ?”

ನಾನು ಬೆಂಚಿನ ತುದಿಯಲ್ಲಿ ಕೂತೆ, ಯಾರ ವಿನಂತಿಯೂ ಇಲ್ಲದೆ. ಬಿಸಿಲು ಸಂಜೆಯ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ಕನಸಿನ ನಾಯಿ ಅತ್ತೆಯ ಮಡಿಲಲ್ಲಿ ಒಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ಅದರ ಕಾಲುಗಳು ಮೆಲ್ಲಗೆ ಓಡತೊಡಗಿದವು.

ಆಗ ನನ್ನ ಗಂಡ ಕಣ್ಣು ತೆರೆದರು. ಸಾವಿರ ಜನರನ್ನು ಒಂದೇ ಮಾತಿಗೆ ಕೂರಿಸಿ ಏಳಿಸಿದ ಕಂಠವೂ, ನಿಲ್ಲದೆ ಹೋದ ಎಕ್ಸ್‌ಪ್ರೆಸ್ಸೂ ಎಬ್ಬಿಸಲಾಗದ ಆ ಮಹಾನುಭಾವರು ಮೈ ಮುರಿದು, ನನ್ನನ್ನು ನೋಡಿ ಕೇಳಿದರು.

“ಏನೇ, ಕರೆದ್ಯಾ?”