ಮಾಷ್ಟ್ರು ಮತ್ತು ದ್ರಾಕ್ಷಿ

ಪುತ್ತೂರಿನ ಒಂದು ಸಣ್ಣ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದ ಎಂಬತ್ತರ ದಶಕದಲ್ಲಿ, ಡಾಕ್ಟರು ಹೇಳುವುದೊಂದು, ರೋಗಿ ಮನೆಗೆ ಹೋಗಿ ಮಾಡುವುದೊಂದು ಎಂಬಂಥ ಸಂಗತಿಗಳು ವಾರಕ್ಕೊಂದಾದರೂ ಆಗುತ್ತಿದ್ದವು. ಅವುಗಳಲ್ಲಿ ಪೆರಾಬೆಯ ಮಾಷ್ಟ್ರದು ನನಗೆ ಬಹಳ ಇಷ್ಟ. ನಿವೃತ್ತರು, ಒಳ್ಳೆಯ ಮನುಷ್ಯ. ಎರಡೂ ಕಣ್ಣಿಗೆ ಪೊರೆ. ಬಿ.ಪಿ. ಇಳಿಯದೆ ಆಪರೇಷನ್ ಇಲ್ಲ ಎಂದು ಕಣ್ಣಿನ ಡಾಕ್ಟರು ಎರಡು ಸಲ ಹಿಂದೆ ಕಳಿಸಿದ್ದರು. "ನನ್ನ ಹೆಂಡತಿಯ ಮುಖ ಸರಿಯಾಗಿ ಕಾಣದೆ ನಾಲ್ಕು ವರ್ಷ ಆಯ್ತು" ಎಂದು ಅವರು ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಗಿತ್ತು.

೧

ಒಂದು ಮಧ್ಯಾಹ್ನ ಮಾಷ್ಟ್ರನ್ನು ಬಿಟ್ಟರೆ ರೋಗಿಗಳಿಲ್ಲ. ಫ್ಯಾನ್ ತಿರುಗುತ್ತಿತ್ತು, ನನಗೆ ಅರ್ಧ ನಿದ್ದೆ. ಡಾಕ್ಟರು ಯಾವುದೋ ಪತ್ರಿಕೆ ಓದುತ್ತಾ, "ಕೆಂಪು ದ್ರಾಕ್ಷಿಯ ವೈನ್ ರಕ್ತನಾಳಕ್ಕೆ ಒಳ್ಳೆಯದಂತೆ" ಎಂದರು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮಾಷ್ಟ್ರು ಎದ್ದು ಕೂತರು.

"ವೈನಾ ಡಾಕ್ಟ್ರೇ? ನಾನು ಮಕ್ಕಳಿಗೆ ಮೂವತ್ತು ವರ್ಷ ಪಾನನಿಷೇಧ ಪಾಠ ಮಾಡಿದ್ದು."

"ನಿಮಗೆ ಹೇಳಿದ್ದಲ್ಲ ಮಾಷ್ಟ್ರೇ. ಅದು ಇನ್ನೂ ಗ್ಯಾರಂಟಿ ಇಲ್ಲ, ಕುಡಿಯದವರು ಶುರು ಮಾಡುದೂ ಬೇಡ. ಮಾತ್ರೆ ತಗೊಳ್ಳಿ, ಉಪ್ಪು ಬಿಡಿ. ಬೇಕಾದರೆ ನಾಲ್ಕು ದ್ರಾಕ್ಷಿ ತಿನ್ನಿ."

ಮಾಷ್ಟ್ರು ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಸರಿಯಾಗಿ ನಾಲ್ಕೇನಾ?"

೨

ದವಾಖಾನೆಯ ಪಕ್ಕದ ಮನೆಯ ಬಾಯಮ್ಮ ಕ್ರಿಸ್ಮಸ್ಸಿಗೆ ವೈನ್ ಹಾಕುತ್ತಿದ್ದರು. ಮುಂದಿನ ಸಲ ಬಂದಾಗ ಮಾಷ್ಟ್ರು ನನ್ನನ್ನು ಮೆಲ್ಲಗೆ ಅಲ್ಲಿಗೆ ಕರೆದುಕೊಂಡು ಹೋಗಿ, "ಔಷಧಕ್ಕೆ ಮಾತ್ರ" ಎಂದರು. ಬಾಯಮ್ಮ ಒಂದು ಲೋಟ ಕೆಂಪು ಪಾನೀಯ ಕೊಟ್ಟರು.

ಮಾಷ್ಟ್ರು ಕಣ್ಣು ಮುಚ್ಚಿ ಕುಡಿದು, ಜಗಲಿಯ ಕಂಬಕ್ಕೆ ಒರಗಿದರು. ಬಿಸಿಲು ಇಳಿಯುತ್ತಿತ್ತು. ಮುಖದಲ್ಲಿ ಎಂಥದೋ ಶಾಂತಿ.

"ಮಾರಾಯಾ, ನರದಲ್ಲಿ ಹೋಗುದು ಗೊತ್ತಾಗ್ತಾ ಉಂಟು. ಈಗ ಭುಜ. ಈಗ ಮೊಣಕೈ. ತೇಲಿದ ಹಾಗೆ ಆಗ್ತದೆ."

ಅವರು ಹಾಗೇ ತೇಲುತ್ತಿರುವಾಗ ಬಾಯಮ್ಮ ಒಳಗಿನಿಂದ ಕೇಳಿದರು: "ಮಾಷ್ಟ್ರೇ, ಇನ್ನೊಂದು ಲೋಟ ಕೊಡ್ಲಾ? ವೈನ್ ಇನ್ನೂ ಆಗ್ಲಿಲ್ಲ. ಬಿಸಿಲಿಗೆ ಬಂದಿರಲ್ಲ ಅಂತ ಪುನರ್ಪುಳಿ ಶರಬತ್ತು ಕೊಟ್ಟದ್ದು."

೩

ಆಮೇಲೆ ಅವರು ವೈನಿನ ಮಾತೆತ್ತಲಿಲ್ಲ, ದ್ರಾಕ್ಷಿಯೇ ಸಾಕೆಂದರು. ಘಟ್ಟ ಇಳಿದು ಗುಂಡ್ಯದ ಕಡೆಯಿಂದ ಬರುವ ಬಸ್ಸಿನಲ್ಲಿ ವಾರಕ್ಕೊಮ್ಮೆ ತರಿಸಿ, ಎರಡು ತಿಂಗಳು ಬಿಡದೆ ತಿಂದರು. ಬಿ.ಪಿ. ನೋಡಿದರೆ ಹಿಂದಿಗಿಂತ ಮೇಲೆ! ಮೂರನೇ ಸಲವೂ ಆಪರೇಷನ್ ತಪ್ಪಿತು. ಡಾಕ್ಟರು ತಲೆ ಕೆಡಿಸಿಕೊಂಡು, "ಆ ದ್ರಾಕ್ಷಿಯನ್ನೇ ತನ್ನಿ ನೋಡುವ" ಎಂದರು.

ಮಾಷ್ಟ್ರ ಹೆಂಡತಿ ಒಂದು ಭರಣಿಯನ್ನೇ ಹೊತ್ತು ತಂದರು. ಡಾಕ್ಟರು ಒಂದು ಹಣ್ಣು ಬಾಯಿಗೆ ಹಾಕಿದವರು ಕಿಟಕಿಗೆ ಓಡಿದರು.

"ಇದಕ್ಕೆ ಎಂತ ಹಾಕಿದ್ದು ಅಮ್ಮಾ?"

"ಮಳೆಗಾಲಕ್ಕೆ ಇಡುವ ಹಲಸಿನ ಸೊಳೆಗೆ ಹಾಕುವಷ್ಟೇ ಉಪ್ಪು. ವಾರವಿಡೀ ಇರುದು ಬೇಡವಾ? ಉಪ್ಪಿಲ್ಲದೆ ಭರಣಿಯಲ್ಲಿ ಯಾರಾದರೂ ಇಡ್ತಾರಾ?"

ಡಾಕ್ಟರು ಮಾಷ್ಟ್ರ ಕಡೆ ತಿರುಗಿದರು. "ನಿಮಗಾದರೂ ಗೊತ್ತಾಗ್ಲಿಲ್ವಾ?"

ಮಾಷ್ಟ್ರು ತಲೆ ತಗ್ಗಿಸಿದರು. "ಮೊದಲ ದಿನವೇ ಗೊತ್ತಾಗಿದೆ. ಆರು ತಿಂಗಳಿಂದ ಸಪ್ಪೆ ಗಂಜಿ, ಡಾಕ್ಟ್ರೇ."

೪

ಭರಣಿ ಹೋಯಿತು, ಬಿ.ಪಿ. ಇಳಿಯಿತು, ಆಪರೇಷನ್ ಆಯಿತು. ಕೆಲವು ವಾರಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು; ಆಗೆಲ್ಲ ಅದು ಬಂದ ಮೇಲೆಯೇ ಸರಿಯಾಗಿ ಕಾಣುವುದು. ಅಂಗಡಿಯಿಂದ ಪೊಟ್ಟಣ ಬಿಚ್ಚದೆ ನೇರ ನಮ್ಮಲ್ಲಿಗೆ ಬಂದು, ಹೆಂಡತಿಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಮಾಷ್ಟ್ರು ಕನ್ನಡಕ ಏರಿಸಿದರು.

ನೋಡಿದರು. ನೋಡುತ್ತಲೇ ಇದ್ದರು. ಅವರ ಹೆಂಡತಿ ನಾಚಿ, ಸೆರಗಿನಿಂದ ನೆರೆತ ಕೂದಲು ಮುಚ್ಚಿಕೊಂಡು, "ಮುದುಕಿ ಆಗಿದ್ದೇನಲ್ಲ?" ಎಂದರು. ನನ್ನ ಕಣ್ಣಲ್ಲೂ ನೀರು ಬಂತು.

ಇದಾವುದರ ಪರಿವೆಯಿಲ್ಲದ ಡಾಕ್ಟರು ಬಿ.ಪಿ. ಪಟ್ಟಿ ಹಿಡಿದು ಬಂದು ಮಾಷ್ಟ್ರ ತೋಳಿಗೆ ಕೈ ಹಾಕಿದರು.

ಮಾಷ್ಟ್ರು ಹೆಂಡತಿಯ ಮುಖದಿಂದ ಕಣ್ಣು ತೆಗೆಯದೆ ತೋಳು ಹಿಂದೆಳೆದುಕೊಂಡರು.

"ಈಗ ನೋಡ್ಬೇಡಿ ಮಾರಾಯ್ರೆ. ಸ್ವಲ್ಪ ಏರಿರ್ತದೆ."